ಮೊದಲ ದಿನದ ಮುಖ

ಮಾನ್ವಿಯ ಅಕ್ಕಿ ಗಿರಣಿಯವರು ಹೊಸ ಮಿಶೀನಿನ ಕೆಲಸ ಕಲಿತು ಬಾ ಎಂದು ನನ್ನನ್ನು ಚೀನಾಕ್ಕೆ ಕಳಿಸಿದ್ದರು. ಅಕ್ಕಿಯಲ್ಲಿನ ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಹೊರಗೆಸೆಯುವ ಮಿಶೀನು ಅದು. ನಾನಿದ್ದ ವಸತಿಯ ಗೇಟಿಗೂ ಅಂಥದೇ ಕ್ಯಾಮೆರಾ ಇತ್ತು. ಮುಖದ ಗುರುತು ಸಿಕ್ಕರೆ ಮಾತ್ರ ತೆರೆಯುತ್ತಿತ್ತು.

ರಾಯಚೂರಿನಿಂದ ನಿದ್ದೆಗೆಟ್ಟು ಬಂದಿಳಿದ ದಿನವೇ ಅದಕ್ಕೆ ನನ್ನ ಫೋಟೋ ತೆಗೆದಿದ್ದರು. ಒಂದೆರಡು ದಿನಕ್ಕೆ ಊಟ, ನಿದ್ದೆ ಸರಿಹೋದವು. ಗೇಟು ತೆರೆಯುವುದನ್ನು ನಿಲ್ಲಿಸಿತು.

ತರಕಾರಿ ಚೀಲ ಹಿಡಿದು ಹೊರಗೆ ನಿಂತಿದ್ದೆ. ವಯಸ್ಸಾದ ಕಾವಲುಗಾರ ಹಳೆಯ ಫೋಟೋ ನೋಡಿದ, ನನ್ನನ್ನು ನೋಡಿದ, ತನ್ನ ಮೊಬೈಲಿಗೆ ಏನೋ ಹೇಳಿದ. ಮೊಬೈಲು ಅದನ್ನು ಕನ್ನಡ ಮಾಡಿ ಓದಿತು: “ದಯವಿಟ್ಟು ಮೊದಲ ದಿನದಂತೆ ದುಃಖಿತರಾಗಿರಿ.”

ತುಟಿ ಇಳಿಬಿಟ್ಟು ಕ್ಯಾಮೆರಾ ಎದುರು ನಿಂತೆ. ಅಷ್ಟರಲ್ಲೇ ದೇವದುರ್ಗದಿಂದ ಅವ್ವನ ವಿಡಿಯೋ ಕಾಲ್ ಬಂತು.

“ಯಾಕ ಯಪ್ಪಾ, ಮಾರಿ ಸಣ್ಣ ಮಾಡ್ಕೊಂಡೀದಿ? ಮನಿ ನೆನಪಾಗ್ಯಾದೇನು?”

“ಇಲ್ಲ ಬೇ ಯವ್ವಾ. ಬಾಗಲಾ ತೆಗಸಾಕತ್ತೀನಿ.”

“ನನ್ನ ಮುಂದ ಮುಚ್ಚಿಡಬ್ಯಾಡ. ಊರಿಗಿ ಬಂದುಬಿಡು. ಆ ಮಿಶೀನಿನ ಮನಿ ಹಾಳಾಗಲಿ,” ಎಂದು ಅಳತೊಡಗಿದಳು.

ಅವಳನ್ನು ನೋಡಿ ನನ್ನ ಮುಖ ತಾನಾಗಿಯೇ ಇಳಿಯಿತು. ಗೇಟು ತೆರೆಯಿತು.

ಹೊಸ ಫೋಟೋ ತೆಗೆಯೋಣ, ಸ್ವಲ್ಪ ನಗಿ ಎಂದು ಕಾವಲುಗಾರ ಮೊಬೈಲಿನಿಂದ ಹೇಳಿಸಿದ. ನಾನು ಬೇಡವೆಂದು ತಲೆಯಾಡಿಸಿದೆ. ದಿನಾ ಸಂಜೆ ಕೆಲಸ ಮುಗಿಸಿ ಬಂದು ಗೇಟಿನೆದುರು ನಗುವುದು ಯಾರ ಕೈಲಾಗುತ್ತದೆ?