ಎರಡನೆಯ ಸಲದ ಹೆಬ್ಬೆಟ್ಟು

ಹಡಗಲಿಯ ಬಸ್ ನಿಲ್ದಾಣದ ಎದುರಿಗಿರುವ ಸುಂಕಮ್ಮನ ಅಂಗಡಿಯಲ್ಲಿ ತಿಂಗಳೆಂದರೆ ಇಪ್ಪತ್ತೆಂಟು ದಿನ. ರೀಚಾರ್ಜು ಇಪ್ಪತ್ತೆಂಟನೆಯ ದಿನಕ್ಕೆ ಮುಗಿಯುವುದರಿಂದ ಅವಳ ಪಂಚಾಂಗವೂ ಅದಕ್ಕೇ ಹೊಂದಿಕೊಂಡಿತ್ತು. ಯಾರ ಗಡುವು ಎಂದಿಗೆ ಎಂಬುದು ಬಾಯಿಪಾಠ. ಗಿರಾಕಿ ಬಂದು "ಹಾಕವ್ವ" ಎಂದರೆ ಸಾಕು, ಹತ್ತು ಅಂಕಿಗಳನ್ನು ಕೇಳದೆಯೇ ಒತ್ತಿಬಿಡುತ್ತಿದ್ದಳು. ಬರಬೇಕಾದವರು ಬಾರದಿದ್ದರೆ, ಊರಿಗೆ ಹೋಗಿದ್ದಾರೆಯೇ, ಕಂಪನಿ ಬದಲಿಸಿದ್ದಾರೆಯೇ, ಇಲ್ಲ ಮೈ ಹುಷಾರಿಲ್ಲವೇ ಎಂದು ಅಂದೇ ವಿಚಾರಿಸುತ್ತಿದ್ದಳು.

ಪೋಲಿಯೋದಿಂದ ಎಡಗಾಲು ಸಣ್ಣಗಾಗಿದ್ದ ಅವಳಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಂಗವಿಕಲರ ಪಾಲಿನಲ್ಲಿ ಎಸ್‌ಟಿಡಿ ಬೂತು ಮಂಜೂರಾಗಿತ್ತು. ಗಾಜಿನ ಬಾಗಿಲು, ಒಳಗೊಂದು ಸ್ಟೂಲು, ಮೇಲೆ ಕೆಂಪು ಅಂಕಿಗಳ ಮೀಟರು. ಗಾಜಿನೊಳಗೆ ಅಳುವವರನ್ನೂ ಜಗಳವಾಡುವವರನ್ನೂ ಅವಳು ನೋಡುತ್ತಿರಲಿಲ್ಲ, ಮೀಟರನ್ನು ನೋಡುತ್ತಿದ್ದಳು. ಆದರೆ ಹೆರಿಗೆಯ ಸುದ್ದಿ ಕೇಳಿ ಹೊರಬಂದವರು ಸಕ್ಕರೆ ಕೊಟ್ಟರೆ ಕೈ ಚಾಚಿ ತೆಗೆದುಕೊಳ್ಳುತ್ತಿದ್ದಳು. ಆ ಬೂತಿನ ದುಡಿಮೆಯಲ್ಲಿಯೇ ಊರ ಅಂಚಿನಲ್ಲಿ ಇಪ್ಪತ್ತು-ಮೂವತ್ತರ ಒಂದು ನಿವೇಶನವನ್ನು ಕೊಂಡಳು. ಅವಳು ಇದ್ದದ್ದು ತಮ್ಮ ಓಬಳೇಶನ ಮನೆಯಲ್ಲಿ. ತಮ್ಮನ ಮನಸ್ಸು ಒಳ್ಳೆಯದೇ, ಮನೆಗೆ ಮಾತ್ರ ಐದು ಮೆಟ್ಟಿಲು. ಬೆಳಿಗ್ಗೆ ಐದು ಇಳಿದು, ಸಂಜೆ ಐದು ಹತ್ತಬೇಕು. ಒಂದೂ ಮೆಟ್ಟಿಲಿಲ್ಲದ ಮನೆಯೊಂದನ್ನು ತನ್ನ ನಿವೇಶನದಲ್ಲಿ ಕಟ್ಟಿಸಬೇಕೆಂಬುದು ಅವಳ ಆಸೆ.

ಬೂತಿನ ಕಾಲ ಮುಗಿದ ಮೇಲೆ ಕೂಪನ್ ಕಾರ್ಡುಗಳು ಬಂದವು. ಓದು ಬಾರದವರಿಗೆ ತಾನೇ ಬೆಳ್ಳಿಬಣ್ಣವನ್ನು ಹೆಬ್ಬೆರಳಿನಿಂದ ಕೆರೆದು ಅಂಕಿ ಒತ್ತಿಕೊಡುತ್ತಿದ್ದಳು. ಆಮೇಲೊಂದು ಕಂಪನಿ ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿದು, ಅವಳಿಂದ ಠೇವಣಿ ಕಟ್ಟಿಸಿಕೊಂಡು, ಎರಡು ವರ್ಷಕ್ಕೆ ಸಿಗ್ನಲ್ಲನ್ನೂ ಠೇವಣಿಯನ್ನೂ ಮಡಚಿಕೊಂಡು ಹೋಯಿತು. ಉಳಿದದ್ದು ಒಂದು ತಗಡಿನ ಬೋರ್ಡು. ಅದು ಈಗ ಓಬಳೇಶನ ಹಿತ್ತಲಿನಲ್ಲಿ ಕೋಳಿಗೂಡಿನ ಸೂರಾಗಿದೆ. ಅಂದಿನಿಂದ ಅಂಗಡಿಗೆ ನಗುತ್ತ ಬಂದ ಅಪರಿಚಿತರಿಗೆ ಸುಂಕಮ್ಮ ಮೊದಲ ಸಲಕ್ಕೆ ಕುರ್ಚಿ ಕೊಡುವುದಿಲ್ಲ.

ಹರಪನಹಳ್ಳಿಯ ಪ್ರವೀಣಕುಮಾರ್ ಮೂರನೆಯ ಸಲ ಬಂದಾಗ ಕುರ್ಚಿ ಸಿಕ್ಕಿತು. ಹೊಸ ಕಂಪನಿಯೊಂದರ ವಿತರಣೆ ಸುತ್ತಲಿನ ಐದು ತಾಲ್ಲೂಕುಗಳಲ್ಲಿ ಅವನದು. ಎರಡು ವಾರದ ಹಿಂದೆ, ಅಂಗಡಿಯ ನೋಂದಣಿಯನ್ನು ಹೊಸದಾಗಿ ಮಾಡಬೇಕೆಂದು ಅವಳ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿಸಿಕೊಂಡು ಹೋಗಿದ್ದ. ಅಂದು ಯಂತ್ರ ಬೇಗ ಒಪ್ಪಿರಲಿಲ್ಲ. "ಕಾರ್ಡು ಕೆರೆದು ಕೆರೆದು ನಿಮ್ಮ ಬೆರಳಿನ ಗೆರೆ ಸವೆದೈತೆ ಅಕ್ಕ. ಈ ಲೈನಿನಾಗೆ ನಿಮ್ಮಷ್ಟು ಹಳಬರು ಯಾರೂ ಇಲ್ಲ" ಎಂದು ಅವನು ಹೇಳಿದ್ದ. ಆ ಮಾತು ಸುಂಕಮ್ಮನಿಗೆ ಹಿಡಿಸಿತ್ತು. ಕುರ್ಚಿ ಸಿಕ್ಕಿದ್ದೂ ಅದರಿಂದಲೇ ಇರಬೇಕು.

ಈ ಸಲ ಅವನು ತನ್ನ ಅಗಲವಾದ ಫೋನಿನಲ್ಲಿ ಎರಡು ಕಂಬಗಳ ಚಿತ್ರ ತೋರಿಸಿದ. ಒಂದು ಗಿಡ್ಡ, ಒಂದು ಉದ್ದ.

"ಇದು ಹೋದ ಯುಗಾದಿ ಅಕ್ಕ, ಇದು ಈಗ. ಹಡಗಲಿ ತಾಲ್ಲೂಕೊಂದರಾಗೇ ಹೊಸ ಕನೆಕ್ಷನ್ ಎರಡರಷ್ಟಾಗೈತೆ. ಕೂಡ್ಲಿಗಿ, ಕೊಟ್ಟೂರು ಎಲ್ಲಾ ಹಿಂದೆ ಬಿದ್ದವು. ಈ ತಾಲ್ಲೂಕಿನ ಏಜೆನ್ಸಿ ಹೊರಗಿನೋರಿಗೆ ಯಾಕೆ ಕೊಡಬೇಕು ಅಂತ ನಿಮ್ಮತ್ರ ಬಂದೆ."

"ಹಂಗಾದ್ರ ನಮ್ಮ ತಾಲ್ಲೂಕಿನ ಮಂದಿ ಎರಡರಷ್ಟು ಆಗ್ಯಾರೇನು?"

ಪ್ರವೀಣಕುಮಾರ್ ನಕ್ಕ. "ಒಬ್ಬೊಬ್ಬರ ಹತ್ರ ಎರಡೆರಡು ಸಿಮ್ಮು. ಬೆಳೆಯೋ ದೇಶ ಅಕ್ಕ ಇದು. ಕುರಿ ಕಾಯೋನೂ ಕುರಿ ಮುಂದೆ ಬಿಟ್ಟು ವಿಡಿಯೋ ನೋಡ್ತಾನೆ. ಇವತ್ತು ಇದರಾಗೆ ಹಾಕಿದ್ದು ಮೂರು ವರ್ಷಕ್ಕೆ ಮೂರು ಪಟ್ಟು. ಆ ಖಾಲಿ ಸೈಟು ನಿಮಗೆ ಏನು ಕೊಡ್ತೈತೆ ಹೇಳಿ? ಜಾಲಿಗಿಡ ಕೊಡ್ತೈತೆ."

ಸೈಟಿನ ಸುದ್ದಿ ಇವನಿಗೆ ಹೇಗೆ ತಿಳಿಯಿತೆಂದು ಸುಂಕಮ್ಮ ಕೇಳಲಿಲ್ಲ. ಸಂಜೆ ಮನೆಯಲ್ಲಿ ಓಬಳೇಶನ ಮುಖ ನೋಡಿದಾಗ ತಾನಾಗಿಯೇ ತಿಳಿಯಿತು. ಅವನು ಶಾಲೆಯೊಂದರಲ್ಲಿ ಜವಾನ. ಅಕ್ಕ ಏಜೆಂಟಾದರೆ ತನಗೂ ಮರ್ಯಾದೆ ಎಂಬ ಲೆಕ್ಕ ಅವನದು.

"ಸೈಟು ಮಾರಿ ಠೇವಣಿ ಕಟ್ಟು ಅಕ್ಕ. ಮೂರು ವರ್ಷ ಬಿಟ್ಟು ಮೂರು ಮನಿ ಕಟ್ಟಿಸು" ಎಂದ.

"ನಾನು ಒಬ್ಬಾಕಿ. ಮೂರು ಮನಿ ತಗೊಂಡು ಏನ್ ಮಾಡ್ಲಿ, ಪಾಳಿ ಮ್ಯಾಲೆ ಮಲಗ್ಲೇನು?"

"ಎಲ್ಲಾರ ಮ್ಯಾಲೂ ಅನುಮಾನ ನಿನಗ. ನಾ ಚಾ ಕೊಟ್ರೂ ಮೂಸಿ ನೋಡಿ ಕುಡೀತಿ."

"ನೀ ಚಾ ಮಾಡಿದ್ರ ಮೂಸಬೇಕಾಗ್ತೈತಿ ಲೇ."

ಮಾತು ನಗೆಯಲ್ಲಿ ಮುಗಿಯಿತಾದರೂ ಅನುಮಾನ ಮುಗಿಯಲಿಲ್ಲ. ಕನೆಕ್ಷನ್ ಎರಡರಷ್ಟಾಗಿದ್ದರೆ ರೀಚಾರ್ಜೂ ಹೆಚ್ಚಬೇಕು. ಎಲ್ಲರೂ ತನ್ನಲ್ಲಿಗೇ ಬರಬೇಕೆಂದಿಲ್ಲ, ಫೋನಿನಲ್ಲೇ ಹಾಕಿಕೊಳ್ಳುವವರಿದ್ದಾರೆ. ಆದರೂ ಆ ಕಂಪನಿಯ ನಂಬರು ಹಿಡಿದು ಬಂದ ಹೊಸ ಮುಖ ಯುಗಾದಿಯಿಂದ ಈಚೆಗೆ ಹತ್ತೂ ಇಲ್ಲವಲ್ಲ? ಪಕ್ಕದ ಅಂಗಡಿಗಳಲ್ಲಿ ಕೇಳಿದಳು. ಅವರಲ್ಲಿಯೂ ಅಷ್ಟೇ. ಸಿಮ್ಮು ಕೊಂಡವರು ಇಪ್ಪತ್ತೆಂಟನೆಯ ದಿನ ಎಲ್ಲಿಗೆ ಹೋದರು?

ಪ್ರವೀಣಕುಮಾರನಿಗೆ ಫೋನು ಮಾಡಿದಳು. "ಹೆಸರು ಬ್ಯಾಡ್ರಿ, ಊರು ಹೇಳ್ರಿ ಸಾಕು. ಜಾಸ್ತಿ ಎಲ್ಲಿ ಆಗ್ಯಾವು?"

ಅವನು ಹೆಮ್ಮೆಯಿಂದಲೇ ಹೇಳಿದ: "ಮೈಲಾರ ಅಕ್ಕ. ಅರ್ಧಕ್ಕರ್ಧ ಅಲ್ಲೇ."

ಮುಂದಿನ ಭಾನುವಾರ ಸುಂಕಮ್ಮ ಅಂಗಡಿಗೆ ಬೀಗ ಹಾಕಿ, ಊರುಗೋಲು ಹಿಡಿದು ಹೊಳಲು ಮಾರ್ಗದ ಬಸ್ಸು ಹತ್ತಿದಳು. ಮೈಲಾರದಲ್ಲಿ ಗುಡಿಯ ದಾರಿಗೆ ತೆಂಗಿನಕಾಯಿ, ಭಂಡಾರದ ಅರಿಶಿನ ಮಾರುವ ಪಕ್ಕೀರಪ್ಪ ಅವಳಿಗೆ ಬೂತಿನ ಕಾಲದ ಗಿರಾಕಿ. ಹಿಂದೆ ಗೋವೆಯಲ್ಲಿದ್ದ ಅಣ್ಣನೊಡನೆ ಮಾತನಾಡಲು ವಾರಕ್ಕೊಮ್ಮೆ ಹಡಗಲಿಗೆ ಬರುತ್ತಿದ್ದವನು.

"ಬಾರವ್ವ ಸುಂಕಮ್ಮ, ಮೀಟರ್ ತಂದಿಯೇನು? ಮಾತಾಡಿದ್ದಕ್ಕ ಬಿಲ್ ಕೊಡಬ್ಯಾಡ ಮತ್ತ" ಎಂದು ಅವನು ಬೆಂಚಿನ ಮೇಲಿನ ಕಾಯಿಗಳನ್ನು ಸರಿಸಿ ಜಾಗ ಮಾಡಿದ.

ಅವನ ಅಂಗಡಿಯ ಮುಂದೆಯೇ ಕಂಪನಿಯ ಬಣ್ಣದ ಕೊಡೆ ನಿಂತಿತ್ತು. ಕೊಡೆಯಡಿ ಇಬ್ಬರು ಹುಡುಗರು ಅಂಗಡಿಗೆ ಬೆನ್ನು ಹಾಕಿ ಕೂತಿದ್ದರು. ಸಿಮ್ಮು ಪುಕ್ಕಟೆ, ಜೊತೆಗೊಂದು ನೀರಿನ ಬಾಟಲಿ. ದರ್ಶನ ಮುಗಿಸಿ ಬಂದವರೆಲ್ಲರ ಹಣೆ, ಅಂಗೈ, ಬೆರಳು ಭಂಡಾರದಿಂದ ಹಳದಿಯಾಗಿದ್ದವು. ಮುದುಕಿಯೊಬ್ಬಳು ಹೆಬ್ಬೆರಳು ಒತ್ತಿದಳು.

"ಭಂಡಾರ ಮೆತ್ತೈತಿ ಅಜ್ಜಿ, ತಗೊಳ್ವಲ್ದು. ಒರೆಸ್ಕೊಂಡು ಇನ್ನೊಂದು ಸಲ ಒತ್ತು" ಎಂದ ಅವರಲ್ಲೊಬ್ಬ.

ಮುದುಕಿ ಸೆರಗಿಗೆ ಬೆರಳನ್ನು ಉಜ್ಜಿ ಒತ್ತಿದಳು. ಮತ್ತೆರಡು ಸಲ ಒರೆಸಿಕೊಂಡಳು, ಮತ್ತೆರಡು ಸಲ ಒತ್ತಿದಳು. "ನಮ್ಮಪ್ಪನ ಭಂಡಾರ, ಅಷ್ಟು ಸಲೀಸು ಹೋಗತೈತೇನು" ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಬೆನ್ನ ಹಿಂದೆ ಕೂತಿದ್ದ ಸುಂಕಮ್ಮನಿಗೆ ಆ ಹುಡುಗರ ಫೋನಿನ ಪರದೆ ಕಾಣುತ್ತಿತ್ತು. ಬೆರಳನ್ನು ಯಂತ್ರ ಒಪ್ಪದಿದ್ದರೆ ಕೆಂಪು ಗುರುತು, ಒಪ್ಪಿದರೆ ಹಸಿರು. ನಾಲ್ಕು ಸಲವೂ ಬಿದ್ದದ್ದು ಹಸಿರೇ. ಮುದುಕಿಯ ಕೈಗೆ ಹೋದದ್ದು ಒಂದು ಸಿಮ್ಮು, ಮೇಜಿನಡಿಯ ಚೀಲಕ್ಕೆ ಇಳಿದದ್ದು ಮೂರು.

ಎರಡರಷ್ಟು ಬೆಳೆದ ಜನ ಎಲ್ಲಿದ್ದಾರೆಂಬುದು ಅವಳಿಗೆ ಈಗ ತಿಳಿಯಿತು. ಚೀಲದಲ್ಲಿದ್ದಾರೆ.

"ನೀನೂ ಒತ್ತಿಯೇನು?" ಎಂದು ಪಕ್ಕೀರಪ್ಪನನ್ನು ಮೆಲ್ಲಗೆ ಕೇಳಿದಳು.

"ನನ್ನ ಕೈ ಮೂರೂ ಹೊತ್ತು ಭಂಡಾರದಾಗ ಇರ್ತೈತಿ. ಆರು ಸಲ ಒತ್ತಿಸ್ಕೊಂಡ್ರು."

ತನ್ನ ಹೆಸರಿನಲ್ಲಿ ಎಷ್ಟು ನಂಬರುಗಳಿವೆಯೆಂದು ಯಾರಾದರೂ ನೋಡಿಕೊಳ್ಳಬಹುದಾದ ಸರ್ಕಾರದ ಪುಟವೊಂದಿದೆ. ಸುಂಕಮ್ಮ ಅದನ್ನು ತೆರೆದು ಪಕ್ಕೀರಪ್ಪನ ನಂಬರು ಹಾಕಿದಳು. ಅವನ ಫೋನಿಗೆ ಬಂದ ಗುಟ್ಟಿನ ಅಂಕಿಗಳನ್ನು ಕೇಳಿ ಒತ್ತಿದಳು. ಏಳು ನಂಬರುಗಳು ಸಾಲಾಗಿ ಬಂದವು.

"ನನ್ನ ಹತ್ರ ಇರೋದು ಎರಡು" ಎಂದ ಪಕ್ಕೀರಪ್ಪ. "ಉಳಿದ ಐದರಾಗ ಮಾತಾಡಾವ್ರು ಯಾರವ್ವ?"

"ಯಾರಿಗೋ ಸುಳ್ಳು ಹೇಳಿ ದುಡ್ಡು ಕೀಳಾವ್ರು. ನಾಳೆ ಪೊಲೀಸ್ರು ಹುಡುಕಿದ್ರ ನೀ ಸಿಗ್ತಿ."

ಪಕ್ಕೀರಪ್ಪ ತನ್ನ ಬೆರಳನ್ನೇ ನೋಡಿಕೊಂಡು ಕುಳಿತ. 'ಇದು ನನ್ನ ನಂಬರ್ ಅಲ್ಲ' ಎಂಬುದನ್ನು ಐದಕ್ಕೂ ಒತ್ತಿ, ಸುಂಕಮ್ಮ ಮರಳಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕುಳಿತು ಹೊಲಗಳನ್ನು ನೋಡುತ್ತಿದ್ದವಳಿಗೆ ತಟ್ಟನೆ ಒಂದು ಮಾತು ನೆನಪಾಯಿತು. ನಿಮ್ಮ ಬೆರಳಿನ ಗೆರೆ ಸವೆದೈತೆ ಅಕ್ಕ. ಅಂದು ಪ್ರವೀಣಕುಮಾರ್ ಫೋನನ್ನು ತನ್ನ ಕಡೆಗೆ ತಿರುಗಿಸಿ ಹಿಡಿದಿದ್ದ. ಅವಳು ಪರದೆಯನ್ನು ನೋಡಿರಲಿಲ್ಲ. ಹೊಗಳುತ್ತಿದ್ದವನ ಮುಖ ನೋಡುತ್ತಿದ್ದಳು.

ಬಸ್ಸಿನಲ್ಲೇ ಆ ಪುಟವನ್ನು ಮತ್ತೆ ತೆರೆದು ತನ್ನ ನಂಬರು ಹಾಕಿದಳು. ತಮ್ಮ ಚಹ ಕೊಟ್ಟರೆ ಮೂಸಿ ಕುಡಿಯುವವಳ ಹೆಸರಿನಲ್ಲಿ ಎಂಟು ನಂಬರುಗಳಿದ್ದವು.

ಗುರುವಾರ ಪ್ರವೀಣಕುಮಾರ್ ಛಾಪಾ ಕಾಗದ ಹಿಡಿದು ಬಂದ. ಓಬಳೇಶ ಒಗೆದ ಅಂಗಿ ತೊಟ್ಟು, ಸಾಕ್ಷಿ ಹಾಕಲು ಶಾಲೆಗೆ ರಜೆ ಹಾಕಿ ಬಂದಿದ್ದ. ಸುಂಕಮ್ಮ ಕಾಗದವನ್ನು ಪೂರ್ತಿ ಓದಿದಳು. ಎರಡನೆಯ ಪುಟದ ಕೆಳಗೆ, ಯುಗಾದಿಯಿಂದ ಈಚೆಗೆ ತಾಲ್ಲೂಕಿನಲ್ಲಿ ಕೊಟ್ಟ ಎಲ್ಲ ಕನೆಕ್ಷನ್ನುಗಳ ಹೊಣೆಯೂ ಹೊಸ ಏಜೆಂಟರದೇ ಎಂಬ ಸಾಲಿತ್ತು.

"ಆಗಿ ಹೋದದ್ದೂ ನನ್ನ ತಲಿಗೇನು?"

"ಅದು ಬರೀ ಪದ್ಧತಿ ಅಕ್ಕ. ಎಲ್ಲರಿಗೂ ಹಂಗೇ ಬರೀತಾರೆ."

"ಆಗ್ಲಿ. ಒಂದು ಸಣ್ಣ ಕೆಲಸ ಐತಿ, ಮುಗಿಸಿ ಸಹಿ ಮಾಡ್ತೀನಿ." ಅವಳು ತನ್ನ ಫೋನಿನಲ್ಲಿ ಆ ಪುಟವನ್ನು ತೆರೆದು ಅವನ ನಂಬರನ್ನು ಒತ್ತಿದಳು. ಅವನ ಜೇಬಿನಲ್ಲಿ ಸದ್ದಾಯಿತು. "ಒಂದು ನಂಬರ್ ಬಂದೈತಿ, ಓದ್ರಿ. ನಿಮ್ಮ ಹೆಸರಿನಾಗ ಎಷ್ಟು ಅದಾವು ನೋಡೋಣು."

ಪ್ರವೀಣಕುಮಾರ್ ಫೋನು ತೆಗೆದು ನೋಡಿ, ಮತ್ತೆ ಜೇಬಿಗಿಟ್ಟ. "ಅದನ್ನ ಯಾರಿಗೂ ಹೇಳಬಾರದು ಅಕ್ಕ."

"ನನ್ನ ಮ್ಯಾಲೆ ಅನುಮಾನ ಏನ್ರಿ?"

ಸುಂಕಮ್ಮ ತನ್ನ ಎಂಟು ನಂಬರುಗಳ ಚಿತ್ರವನ್ನು ಅವನ ಮುಂದಿಟ್ಟಳು. "ಇದರಾಗ ಒಂದು ನಂದು. ಉಳಿದ ಏಳರಾಗ ಒಂದೂ ಇಲ್ಲಿ ರೀಚಾರ್ಜಿಗೆ ಬಂದಿಲ್ಲ. ನನ್ನ ನಂಬರ್ ನನ್ನ ಅಂಗಡಿಗೇ ಬರ್ವಲ್ದು ಅಂದ್ರ ಹೆಂಗ್ರಿ?"

"ಕೆಳಗಿನ ಹುಡುಗರು ಮಾಡಿರಬಹುದು, ವಿಚಾರಿಸ್ತೀನಿ" ಎಂದು ಅವನು ಕಾಗದಗಳನ್ನು ಚೀಲಕ್ಕೆ ಸೇರಿಸಿದ. ಅಂದು ಯಂತ್ರ ಹಿಡಿದದ್ದು ಯಾವ ಕೆಳಗಿನ ಹುಡುಗನೂ ಅಲ್ಲ. ಅದನ್ನು ಅವಳು ಹೇಳಬೇಕೆನ್ನುವಷ್ಟರಲ್ಲಿ ಅವನ ಕಾರು ಬಸ್ ನಿಲ್ದಾಣವನ್ನು ದಾಟಿತ್ತು. ಓಬಳೇಶ ತನ್ನ ಫೋನನ್ನು ಅಕ್ಕನ ಕಡೆಗೆ ಚಾಚಿದ.

"ನಂದೂ ಒಂದು ನೋಡು."

ಪೊಲೀಸರು ಅವಳ ದೂರನ್ನು ಬರೆದುಕೊಂಡರು. ಮೈಲಾರದ ಕೊಡೆ ಮುಂದಿನ ಭಾನುವಾರ ಕಾಣಲಿಲ್ಲ. ಕೊಟ್ಟೂರಿನ ಕಡೆ ಬೇರೆ ಬಣ್ಣದ ಕೊಡೆಯೊಂದು ಎದ್ದಿದೆಯೆಂದು ಯಾರೋ ಹೇಳಿದರು. ಸುಂಕಮ್ಮ ಅಂಗಡಿಯ ಮುಂದೆ ದಪ್ಪ ಅಕ್ಷರಗಳಲ್ಲಿ ಬರೆಸಿದಳು: ಎರಡನೆಯ ಸಲ ಹೆಬ್ಬೆಟ್ಟು ಕೇಳಿದರೆ ಕೊಡಬೇಡಿ.

ಶ್ರಾವಣದಲ್ಲಿ ನಿವೇಶನದ ಜಾಲಿ ಕಡಿಸಿ ಪಾಯ ತೆಗೆಸಿದಳು. ಬಾಗಿಲಿಗೆ ಒಂದೇ ಒಂದು ಮೆಟ್ಟಿಲಾದರೂ ಬೇಕೆಂದು ಗೌಂಡಿ ಬೊಮ್ಮಪ್ಪ ವಾದಿಸಿದ. ಬೇಡವೆಂದು ಅವನನ್ನು ಒಪ್ಪಿಸಿದ ಮೇಲೂ, ಅವನ ಮಾತನ್ನು ನಂಬದೆ ದಿನವೂ ಸಂಜೆ ಹೋಗಿ ಬಾಗಿಲಿನ ಮಟ್ಟವನ್ನು ಊರುಗೋಲಿನಿಂದ ಅಳೆದು ಬರುತ್ತಿದ್ದಳು.

ಆ ದಿನಗಳಲ್ಲಿಯೇ ಮಲ್ಲಿಗೆ ಮಾರುವ ಅನ್ನದಾನಮ್ಮ ಕಳೆದುಹೋದ ಸಿಮ್ಮಿಗೆ ಬದಲಿ ಕೇಳಿಕೊಂಡು ಬಂದಳು. ಒದ್ದೆ ನಾರಿನಲ್ಲಿ ಹೂ ಕಟ್ಟಿ ಅವಳ ಬೆರಳು ಮೆತ್ತಗಾಗಿತ್ತು. ಪರದೆಯ ಮೇಲೆ ಕೆಂಪು ಗುರುತು ಬಿತ್ತು. ನಿಜವಾದ ಕೆಂಪು.

"ಒರೆಸ್ಕೊಂಡು ಇನ್ನೊಂದು ಸಲ ಒತ್ತವ್ವ" ಎಂದಳು ಸುಂಕಮ್ಮ.

ಅನ್ನದಾನಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. "ಬೋರ್ಡಿನಾಗ ಏನು ಬರೆಸೀದಿ?"

ಸುಂಕಮ್ಮ ಫೋನನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದಳು, ವಿವರಿಸಿದಳು. ಅನ್ನದಾನಮ್ಮ ಕೆಂಪನ್ನು ನೋಡಿದಳು, ಸುಂಕಮ್ಮನ ಮುಖವನ್ನು ನೋಡಿದಳು.

"ನಮ್ಮ ಸೊಸಿ ಓದ್ಯಾಳ. ನಾಳೆ ಆಕೀನ್ನ ಕರ್ಕೊಂಡು ಬರ್ತೀನಿ, ಆಕಿ ಮುಂದ ಒತ್ತಿಸ್ಕೊ" ಎಂದು ಬುಟ್ಟಿ ಎತ್ತಿಕೊಂಡು ಹೊರಟಳು.

ಸುಂಕಮ್ಮ ಅವಳನ್ನು ತಡೆಯಲಿಲ್ಲ. ಯಂತ್ರದ ಗಾಜನ್ನು ಒರೆಸಿಟ್ಟು, ಹೊತ್ತು ಮುಳುಗುವುದರೊಳಗೆ ಹೊಸ ಮನೆಯ ಬಾಗಿಲನ್ನು ಅಳೆದು ಬರಲು ಊರುಗೋಲು ತೆಗೆದುಕೊಂಡಳು.