ಶೆಡ್ಡಿನ ಹಿಂದಿನ ಹುತ್ತ

ನಗರಗೆರೆಯ ಲಕ್ಷ್ಮೀನರಸಮ್ಮನಿಗೆ ಅಣಬೆಯ ಹುಚ್ಚು. ಗುಡುಗಿನ ಮಳೆ ಬಿದ್ದ ಮರುದಿನ ಬೆಳಕು ಹರಿಯುವ ಮುಂಚೆಯೇ ಹೊರಟು, ಸೆರಗಿನ ತುಂಬ ಕಿತ್ತು ತಂದು ಕೇರಿಗೆಲ್ಲ ಹಂಚುವಳು. ಎಲ್ಲಿ ಸಿಕ್ಕಿತು ಅಂತ ಕೇಳಿದರೆ ಮಾತ್ರ ಬಾಯಿಗೆ ಬೀಗ. ಅಣಬೆ ಏಳುವ ಜಾಗ ಕಂಡವರದೇ ಸ್ವತ್ತು. ಅದನ್ನು ಕೇಳಬಾರದು, ಕಂಡರೂ ಇನ್ನೊಬ್ಬರಿಗೆ ಹೇಳಬಾರದು. ಊರಿನ ಕಟ್ಟಳೆಯೇ ಹಾಗೆ.

ಚಿಂತಾಮಣಿಯಲ್ಲಿ ಓದುವ ಪಕ್ಕದ ಮನೆಯ ಚೈತ್ರ ಮಾತ್ರ ಕೇಳಲೇಬೇಕಾಯಿತು. ಕಾಡು ಅಣಬೆಯಲ್ಲಿ ಯಾವ ಯಾವ ಲೋಹ ಇದೆ ಅಂತ ಪರೀಕ್ಷೆ ಮಾಡಿಸಲು ಒಂದು ಹಿಡಿ ಇಸಿದುಕೊಂಡು, "ಎಲ್ಲಿ ಸಿಕ್ತು ಅಜ್ಜಿ?" ಅಂದಳು.

"ಕೋನಪ್ಪನ ಹೊಲದ ಬದೀಲಿ ಕಣಮ್ಮ."

ಹಸಿ ಸುಳ್ಳು. ಕಿತ್ತದ್ದು ಊರಾಚೆ, ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಪಾಳು ಶೆಡ್ಡಿನ ಹಿಂದಿನ ಹುತ್ತದಲ್ಲಿ. ಹುಡುಗಿಯನ್ನು ಯಾಮಾರಿಸಿದೆ ಅಂತ ಮುದುಕಿ ಒಳಗೊಳಗೇ ನಕ್ಕಳು ಬೇರೆ.

ಪರೀಕ್ಷೆಯಲ್ಲಿ ಸೀಸ ಮಿತಿಮೀರಿ ಸಿಕ್ಕಿತು. ಮಣ್ಣಲ್ಲಿ ಇರೋದನ್ನ ಅಣಬೆ ಹೀರಿಕೊಳ್ಳುತ್ತೆ, ತೊಳೆದರೂ ಬೇಯಿಸಿದರೂ ಹೋಗಲ್ಲ ಅಂದಳು ಚೈತ್ರ. ಊರಿಗೆ ಅಷ್ಟೇ ಸಾಕಾಯಿತು. ಕೋನಪ್ಪನ ಹೆಂಡತಿ ಅಮ್ಮಾಜಮ್ಮ ಮನೆಮನೆಗೆ ಹೊತ್ತು ಮಾರುತ್ತಿದ್ದ ದಂಟಿನ ಸೊಪ್ಪು ಬುಟ್ಟಿಯಲ್ಲೇ ಬಾಡಿತು. ಅವರ ಹೊಲಕ್ಕೆ ವಿಷದ ಹೊಲ ಅಂತ ಹೆಸರು ಬಿತ್ತು.

ಲಕ್ಷ್ಮೀನರಸಮ್ಮನಿಗೆ ನಾಚಿಕೆಯಾಯಿತು. ಆದರೆ ನಿಜ ಹೇಳಿದರೆ, ಇಷ್ಟು ವರ್ಷ ಕೇರಿಯ ಮಕ್ಕಳಿಗೆಲ್ಲ ಆ ಹುತ್ತದ ಅಣಬೆಯನ್ನೇ ಉಣಿಸಿದ್ದೂ ಬಯಲಾಗುತ್ತದೆ. "ಸೊಪ್ಪೂ" ಅನ್ನುವ ಅಮ್ಮಾಜಮ್ಮನ ಕೂಗು ಕೇಳಿದರೆ ಸಾಕು, ಕಳ್ಳಿಯ ಹಾಗೆ ಒಳಗೆ ಸರಿದು ಬಾಗಿಲು ಮುಂದೆ ಮಾಡಿಕೊಳ್ಳುವಳು. ಕೊನೆಗೆ ತಡೆಯಲಾರದೆ ಒಂದು ಬೆಳಗ್ಗೆ ಕೋನಪ್ಪನ ಜಗುಲಿಗೆ ಹೋಗಿ ಕೂತಳು.

"ಆ ಅಣಬೆ ನಿನ್ನ ಹೊಲದ್ದಲ್ಲ ಕಣಪ್ಪ..."

"ಗೊತ್ತಕ್ಕ," ಅಂದ ಕೋನಪ್ಪ. "ಶೆಡ್ ಹಿಂದಗಡೆದು. ವರ್ಷಾ ವರ್ಷಾ ನೀನು ಅಲ್ಲಿಂದ ಬರೋದ ನೋಡ್ತೀನಲ್ಲ."

"ಮತ್ತೆ ಯಾಕಪ್ಪ ಬಾಯಿ ಬಿಡಲಿಲ್ಲ?"

"ನಿನ್ನ ಜಾಗ ಅಲ್ವಾ? ನಾನೆಂಗೆ ಹೇಳ್ಲಿ?"

ಅವನ ಮಾತಲ್ಲಿ ಕೊಂಕಿರಲಿಲ್ಲ. ಬೈದಿದ್ದರೂ ಅವಳು ಅಷ್ಟು ಕುಗ್ಗುತ್ತಿರಲಿಲ್ಲ. ಬಾಗಿಲಲ್ಲಿ ಅಮ್ಮಾಜಮ್ಮ ಬುಟ್ಟಿಗೆ ಸೊಪ್ಪು ಜೋಡಿಸುತ್ತಿದ್ದಳು. ಲಕ್ಷ್ಮೀನರಸಮ್ಮ ಎದ್ದು ಆ ಬುಟ್ಟಿಯನ್ನು ತನ್ನ ತಲೆಗೇರಿಸಿಕೊಂಡು, ಮೊದಲ ಮನೆಯ ಮುಂದೆ ಹೋಗಿ ನಿಂತಳು.

"ಸೊಪ್ಪು ತಗೊಳ್ರಮ್ಮ," ಅಂದಳು. "ಅಣಬೆ ಶೆಡ್ ಹಿಂದಿನದು. ನಿಮ್ಮ ಮಕ್ಕಳಿಗೆ ತಿನ್ನಿಸಿದ್ದೂ ಅದನ್ನೇ. ಸುಳ್ಳು ಹೇಳಿದ್ದು ನಾನು."