ಮೂರೂವರೆಗೆ ಖಾಲಿಯಾಗುವ ಟೇಬಲ್

ನಮ್ಮ ಮನೆಯ ಊಟದ ಟೇಬಲ್ಲಿಗೆ ದಿನಕ್ಕೆ ಎರಡು ಶಿಫ್ಟ್. ಬೆಳಗ್ಗೆ ಒಂಬತ್ತೂ ಕಾಲಿಂದ ಮಧ್ಯಾಹ್ನ ಮೂರೂವರೆವರೆಗೆ ನನ್ನ ಗಂಡನದು, ನಾಲ್ಕರ ಮೇಲೆ ನನ್ನ ಟ್ಯೂಷನ್ ಮಕ್ಕಳದು. ಊಟವನ್ನು ಮಾತ್ರ ನಾವು ತಟ್ಟೆ ಕೈಯಲ್ಲಿ ಹಿಡಿದು ಸೋಫಾದ ಮೇಲೆ ಮಾಡುತ್ತೇವೆ. ಷೇರು ಮಾರ್ಕೆಟ್ ಮುಚ್ಚುವ ಹೊತ್ತಿಗೂ ನನ್ನ ಹತ್ತನೇ ಕ್ಲಾಸಿನ ಬ್ಯಾಚ್ ಬರುವ ಹೊತ್ತಿಗೂ ನಡುವೆ ಅರ್ಧ ಗಂಟೆ ಇರುವುದರಿಂದ ಸಂಸಾರ ಹೇಗೋ ನಡೆದುಕೊಂಡು ಬಂದಿದೆ.

ಅವರು ಕೆಲಸ ಮಾಡುತ್ತಿದ್ದ ಕಂಪನಿ ಬೆಂಗಳೂರಿನ ಆಫೀಸನ್ನು ಮುಚ್ಚಿತು. ಸೇಲ್ಸಿನಲ್ಲಿ ತಲೆ ನರೆಸಿಕೊಂಡವರಿಗೆ ಆ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಕೆಲವು ತಿಂಗಳು ಅಲೆದರು, ಆಮೇಲೆ ಅಲೆಯುವುದನ್ನು ಬಿಟ್ಟರು. ಆದರೆ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿಯನ್ನು ಪ್ಯಾಂಟಿನೊಳಗೆ ಸಿಗಿಸಿ, ವಾಚ್ ಕಟ್ಟಿಕೊಳ್ಳುವುದನ್ನು ಬಿಡಲಿಲ್ಲ. ಹಾಗೆ ತಯಾರಾಗಿ ಬಂದು ಟೇಬಲ್ಲಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ನನಗೆ ಮೈ ಉರಿಯುತ್ತಿದ್ದದ್ದೇ ಅದಕ್ಕೆ. ಲುಂಗಿಯಲ್ಲಿ ಕೂತಿದ್ದರೆ ಜಗಳವಾಡುವುದಾದರೂ ಸುಲಭವಾಗುತ್ತಿತ್ತು.

ಕೆಲಸ ಹೋದ ಹೊಸದರಲ್ಲಿ, ಯಾರದೋ ಮಾತು ಕೇಳಿ ಷೇರಿಗೆ ದುಡ್ಡು ಹಾಕಿ ಕೈ ಸುಟ್ಟುಕೊಂಡರು. ಮಗಳ ಓದಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಒಂದು ಭಾಗ ಹೋಯಿತು. ಗೊತ್ತಾದ ದಿನ ನಾನು ಮಗಳನ್ನು ರೂಮಿನಿಂದ ಎಳೆದುಕೊಂಡು ಬಂದು ಅವರ ಮುಂದೆ ನಿಲ್ಲಿಸಿ, "ಇವಳ ತಲೆ ಮುಟ್ಟಿ ಆಣೆ ಮಾಡಿ. ಇನ್ಮೇಲೆ ಒಂದ್ ರೂಪಾಯಿ ಹಾಕಲ್ಲ ಅಂತ ಹೇಳಿ" ಅಂದೆ. ಅವಳು ಆಗ ಹೈಸ್ಕೂಲು. ಅಳುತ್ತಾ ನಿಂತಿದ್ದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, "ಹಾಕಲ್ಲ" ಅಂದರು. ಅಷ್ಟೇ. ದಿನಾ ಸಂಜೆ ಟ್ಯೂಷನ್ ಮಕ್ಕಳಿಗೆ ರೇಖಾಗಣಿತದಲ್ಲಿ 'ಸಾಧಿಸಿ ತೋರಿಸಿ' ಎಂದು ಲೆಕ್ಕ ಕೊಡುವ ನಾನು, ಮನೆಯಲ್ಲಿ ಪುರಾವೆಯ ಬದಲು ಆಣೆಯನ್ನು ಹಿಡಿದುಕೊಂಡೆ.

ಅದಾದ ಮೇಲೂ ಅವರು ಲ್ಯಾಪ್‌ಟಾಪಿನಲ್ಲಿ ಷೇರು ರೇಟಿನ ಆ ಕೆಂಪು ಹಸಿರು ಕಡ್ಡಿಗಳ ಮುಂದೆ ಕೂರುವುದು ನಿಲ್ಲಲಿಲ್ಲ. ದುಡ್ಡು ಹಾಕದೆ ಯಾರು ಹಾಗೆ ಕಣ್ಣು ಕೀಲಿಸಿಕೊಂಡು ಕೂರುತ್ತಾರೆ? ಆಣೆ ಮುರಿದಿದ್ದಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆ, ಮಗಳ ಆಣೆಯ ಮೇಲೆ ಸುಳ್ಳು ಹೇಳಿಸಿದ ಪಾಪ ನನಗೆ ಸುತ್ತಿಕೊಳ್ಳುತ್ತದೆ ಅನ್ನುವುದು ನನ್ನ ತರ್ಕ. ಈಗ ಬರೆಯುವಾಗಲೇ ನಾಚಿಕೆಯಾಗುತ್ತದೆ, ಆದರೆ ಆಗ ಅದು ನನಗೆ ಬಹಳ ಬುದ್ಧಿವಂತಿಕೆಯಾಗಿ ಕಂಡಿತ್ತು.

ಒಂದೆರಡು ಸಲ ಗ್ರಾಫ್ ನೋಡಿ ಕೊಂಕು ತೆಗೆದದ್ದುಂಟು. ಒಮ್ಮೆ ಅವರು ಎರಡು ತಗ್ಗುಗಳನ್ನು ಸೇರಿಸಿ ಮೇಲ್ಮುಖವಾಗಿ ಒಂದು ಗೆರೆ ಎಳೆದು, 'ಟ್ರೆಂಡ್‌ಲೈನ್, ರೇಟು ಹೋಗೋ ದಿಕ್ಕು' ಎಂದರು.

"ಎರಡು ಬಿಂದು ಇದ್ರೆ ನಡುವೆ ಒಂದು ಸರಳರೇಖೆ ಇದ್ದೇ ಇರತ್ತೆ ರೀ. ಅದಕ್ಕೆ ಟ್ರೆಂಡು ಬೇರೆ ಕೇಡು," ಅಂದೆ.

"ಅದಕ್ಕೇ ಮೂರನೇ ಸಲ ಬಂದು ಮುಟ್ಟತ್ತಾ ಅಂತ ಕಾಯೋದು ಕಣೇ. ಮುಟ್ಟಿ ಮೇಲೆದ್ರೆ ಗೆರೆ ನಿಜ. ಇಲ್ದಿದ್ರೆ ಅದು ನನ್ನ ಆಸೆ ಅಷ್ಟೇ," ಅಂದರು.

ಸರಿಯಾದ ಮಾತೇ. ಸರಿಯಾಗಿದ್ದದ್ದಕ್ಕೆ ಇನ್ನೂ ಕೋಪ ಬಂತು.

ಪದ್ಮನಾಭನಗರದಲ್ಲಿ ನಾವಿರುವುದು ಎರಡನೇ ಮಹಡಿ. ಕೆಳಗೆ ಓನರ್ ಮನೆ. ಈ ಲೇಔಟು ಹೊಲವಾಗಿದ್ದ ಕಾಲದಿಂದ ಇಲ್ಲಿನವರು, ಅವರಪ್ಪ ರಾಗಿ ಬೆಳೆದ ಜಾಗದಲ್ಲೇ ಈಗ ಅವರ ಮೂರು ಬಿಲ್ಡಿಂಗ್ ಇವೆ. ಒಳ್ಳೆಯ ಮನುಷ್ಯ, ಆದರೆ ಕುತೂಹಲಕ್ಕೆ ಬಾಗಿಲಿಲ್ಲ. ಒಂದು ದಿನ ನೀರಿನ ಮೋಟರ್ ಹತ್ತಿರ ನನ್ನನ್ನು ತಡೆದು ನಿಲ್ಲಿಸಿ, "ಸಾರ್ ಈಗ ಆಫೀಸಿಗೆ ಹೋಗಲ್ವಾ ಮೇಡಂ?" ಅಂದರು.

"ಮನೆಯಿಂದಲೇ ಮಾಡ್ತಾರೆ. ಕನ್ಸಲ್ಟಿಂಗು. ಷೇರು ಮಾರ್ಕೆಟ್ ಬಗ್ಗೆ ದೊಡ್ಡ ದೊಡ್ಡವರಿಗೆ ಸಲಹೆ ಕೊಡ್ತಾರೆ," ಅಂದೆ.

ಬಾಯಿಂದ ಹಾಗೇ ಜಾರಿತು. 'ಕೆಲಸ ಇಲ್ಲ' ಎಂಬ ಎರಡು ಪದ ಹೇಳಲು ನನಗೆ ಅಷ್ಟು ಅವಮಾನವಾಗುತ್ತಿತ್ತು. ಮೇಲೆ ಬಂದು ಅವರಿಗೂ ಹೇಳಿದೆ, ಯಾರಾದರೂ ಕೇಳಿದರೆ ಇಬ್ಬರ ಮಾತೂ ಒಂದೇ ಇರಲಿ ಎಂದು. ಅವರು ತಲೆ ಎತ್ತಿ ನೋಡಿ, ಮತ್ತೆ ಸ್ಕ್ರೀನಿನ ಕಡೆ ತಿರುಗಿದರು.

ಮಗಳು ಪಿಯುಸಿಯಲ್ಲಿದ್ದಾಗ ಅವಳಿಗೆ ಡೆಂಗಿ ಬಂತು. ಆ ಮಳೆಗಾಲ ನಮ್ಮ ರಸ್ತೆಯಲ್ಲಿ ಮನೆಗೊಬ್ಬರು ಮಲಗಿದ್ದರು. ಪ್ಲೇಟ್‌ಲೆಟ್ ಇಳಿಯುತ್ತಾ ಹೋಗಿ ಜಯನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಬೆಳಗ್ಗೆ ಸಂಜೆ ರಕ್ತ ತೆಗೆಯುತ್ತಿದ್ದರು, ಪ್ರತಿ ರಿಪೋರ್ಟಿನಲ್ಲೂ ಸಂಖ್ಯೆ ಇನ್ನೂ ಕೆಳಗೆ. ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲಿ ಅವರು ಆ ರಿಪೋರ್ಟುಗಳನ್ನು ಪಕ್ಕ ಪಕ್ಕ ಹಿಡಿದುಕೊಂಡು ನೋಡುತ್ತಾ, "ಇಳಿಯೋದು ನಿಧಾನ ಆಗಿದೆ ಕಣೇ, ನಿನ್ನೆಗಿಂತ ಇವತ್ತು ಕಮ್ಮಿ ಇಳಿದಿದೆ" ಅಂದರು.

ಸಮಾಧಾನಕ್ಕೆ ಹೇಳಿದ ಮಾತು. ನನಗೆ ಮಾತ್ರ, ಮಗಳ ರಕ್ತವನ್ನೂ ಷೇರಿನ ಗ್ರಾಫ್ ಥರ ಓದುತ್ತಿದ್ದಾರಲ್ಲ ಎಂದು ತಲೆ ಕೆಟ್ಟಿತು. "ಹೆತ್ತ ಮಗಳ ತಲೆ ಮುಟ್ಟಿ ಮಾಡಿದ ಆಣೆ ಮುರಿದ ಮನೇಲಿ ಇನ್ನೇನಾಗತ್ತೆ? ಮಾಡಿದ್ದು ನೀವು, ಅನುಭವಿಸ್ತಿರೋದು ಅವಳು," ಅಂದೆ. ಪಕ್ಕದ ಕುರ್ಚಿಯವರು ತಿರುಗಿ ನೋಡುವಷ್ಟು ಜೋರಾಗಿ ಅಂದೆ. ಅವರು ರಿಪೋರ್ಟುಗಳನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮಗಳು ಹುಷಾರಾದಳು. ಮನೆಗೆ ಬಂದ ಮೇಲೆ ಕೆಲವು ವಾರ ಅವರು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಅಂಗಿ ಸಿಗಿಸಿಕೊಂಡು, ವಾಚ್ ಕಟ್ಟಿಕೊಂಡು ಖಾಲಿ ಟೇಬಲ್ಲಿನ ಮುಂದೆ ಕೂರುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನೋಡು ಹೇಗೆ ಸಿಕ್ಕಿಬಿದ್ದರು ಎಂದು ನಾನು ಒಳಗೊಳಗೇ ಅಂದುಕೊಂಡೆ. ನನ್ನ ಬಾಯಿಗೆ ಗೆಲುವಿನ ರುಚಿ ಹತ್ತಿತ್ತು. ಆಮೇಲೆ ಯಾವಾಗಲೋ ಮತ್ತೆ ಲ್ಯಾಪ್‌ಟಾಪ್ ತೆರೆದರು. ನಾಯಿ ಬಾಲ ಡೊಂಕೇ ಎಂದು ಸುಮ್ಮನಾದೆ.

ಹೀಗೆ ಎರಡು ವರ್ಷ ಕಳೆದ ಮೇಲೆ, ಈ ವರ್ಷ, ನಾನು ಮೋಟರ್ ಹತ್ತಿರ ಬಿತ್ತಿದ ಸುಳ್ಳು ಮೊಳಕೆಯೊಡೆಯಿತು. ಓನರ್ ಒಂದು ಶನಿವಾರ ಬೆಳಗ್ಗೆ ಮೆಟ್ಟಿಲು ಹತ್ತಿ ಬಂದು, "ಸಾರ್, ನನ್ಗೂ ಈ ಷೇರು ಕಲಿಸ್ಕೊಡಿ. ಬಿಟಿಎಂ ಲೇಔಟ್ ಕಡೆ ಪಿಜಿಲಿರೋ ಹುಡುಗ್ರೆಲ್ಲ ಫೋನಲ್ಲೇ ಆಡ್ತಾ ಕೂತಿರ್ತವೆ, ನಾನೊಬ್ಬ ದಡ್ಡ ಆಗ್ಬಿಟ್ಟಿದೀನಿ" ಅಂದರು. ಬೇಡ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ಶನಿವಾರ ಮಾರ್ಕೆಟ್ ಇಲ್ಲ, ಟ್ಯೂಷನ್ನೂ ಇಲ್ಲ. ಟೇಬಲ್ಲಿಗೆ ಮೂರನೇ ಶಿಫ್ಟ್ ಶುರುವಾಯಿತು.

ನಾನು ಅಡುಗೆಮನೆಯಲ್ಲಿ ಕಾಫಿ ನೆಪದಲ್ಲಿ ನಿಂತು ಕೇಳುತ್ತಿದ್ದೆ. ಪಾಠ ಮಾಡುವವಳಿಗೆ ಇನ್ನೊಬ್ಬರ ಪಾಠದ ಯೋಗ್ಯತೆ ಬೇಗ ತಿಳಿಯುತ್ತದೆ. ಅವರು ಚೆನ್ನಾಗಿ ಕಲಿಸುತ್ತಿದ್ದರು.

"ಇದು ಕ್ಯಾಂಡಲ್ ಸಾರ್, ದಿನಕ್ಕೊಂದು. ಬೆಳಗ್ಗೆ ಯಾವ ರೇಟಿಗೆ ಶುರುವಾಯ್ತು, ಮುಚ್ಚೋವಾಗ ಎಲ್ಲಿ ನಿಲ್ತು, ಅದು ಇದರ ಮೈ. ಮೇಲೆ ಮುಚ್ಚಿದ್ರೆ ಹಸಿರು, ಕೆಳಗೆ ಮುಚ್ಚಿದ್ರೆ ಕೆಂಪು. ಮಧ್ಯೆ ಎಲ್ಲೆಲ್ಲಿ ಹೋಗಿ ಬಂತು, ಅದು ಮೇಲಿನ ಕೆಳಗಿನ ಬತ್ತಿ."

ರೇಟು ಇಳಿದಾಗಲೆಲ್ಲ ಒಂದೇ ಜಾಗದಿಂದ ವಾಪಸ್ ಮೇಲೇಳುವುದನ್ನು ತೋರಿಸಿ, ಇದಕ್ಕೆ ಸಪೋರ್ಟ್ ಅಂತಾರೆ ಎಂದಾಗ ಓನರ್ ತೊಡೆ ತಟ್ಟಿದರು. "ನಮ್ ಸೈಟ್ ರೇಟ್ ಇದ್ದಂಗೆ! ಆ ರೇಟಿಗೆ ಇಳೀತು ಅಂದ್ರೆ ಯಾವನಾದ್ರೂ ಒಬ್ಬ ಬ್ಯಾಗ್ ಹಿಡ್ಕೊಂಡ್ ಬಂದೇ ಬರ್ತಾನೆ."

"ಅದೇ ಸಾರ್. ಮೇಲ್ಗಡೆನೂ ಹಂಗೇ ಒಂದು ಗೋಡೆ ಇರತ್ತೆ. ಜಾಸ್ತಿ ರೇಟಲ್ಲಿ ತಗೊಂಡು ಸಿಕ್ಕಾಕೊಂಡೋರು, ಅಸಲು ಬಂದ್ರೆ ಸಾಕಪ್ಪಾ ಅಂತ ಕಾಯ್ತಿರ್ತಾರೆ. ರೇಟು ಅಲ್ಲಿಗೆ ಬಂದ ತಕ್ಷಣ ಎಲ್ಲಾರೂ ಮಾರ್ತಾರೆ. ಅದು ರೆಸಿಸ್ಟೆನ್ಸು."

ಇನ್ನೊಂದು ಶನಿವಾರ ಸ್ಟಾಪ್‌ಲಾಸ್ ಬಂತು. "ತಗೊಳ್ಳೋಕೆ ಮುಂಚೆನೇ ಕೆಳಗೆ ಒಂದು ಗುರುತು ಹಾಕ್ಬಿಡ್ಬೇಕು ಸಾರ್. ರೇಟು ಅಲ್ಲಿಗೆ ಬಂದ್ರೆ, ನನ್ನ ಲೆಕ್ಕ ತಪ್ಪಾಯ್ತು ಅಂತ ಒಪ್ಕೊಂಡು ಆಚೆ ಬಂದ್ಬಿಡ್ಬೇಕು. ಆಮೇಲೆ ಆ ಗುರುತನ್ನ ಕೆಳಗೆ ಸರಿಸ್ತಾ ಹೋಗ್ಬಾರ್ದು. ಜನ ಮುಳುಗೋದು ಅಲ್ಲೇ. ರೇಟು ತಪ್ಪು, ನಾನು ಸರಿ ಅಂತ ಕೂತ್ಕೊಳ್ತಾರೆ."

ಇವರು ಮೊದಲು ಕೈ ಸುಟ್ಟುಕೊಂಡದ್ದು ಹಾಗೇ ಇರಬೇಕು ಎಂದುಕೊಂಡೆ. ಆ ಪಾಠ ನನಗೂ ಅನ್ವಯಿಸುತ್ತದೆ ಎಂದು ಹೊಳೆಯಲಿಲ್ಲ.

ಅದರ ಮುಂದಿನ ಶನಿವಾರ ನಾನು ಎರಡು ಲೋಟ ಕಾಫಿ ಹಿಡಿದು ಹಾಲಿಗೆ ಬರುತ್ತಿದ್ದೆ. ಓನರ್, "ಪಾಠ ಎಲ್ಲಾ ಆಯ್ತು ಸಾರ್, ಈಗ ನಿಮ್ ಅಕೌಂಟ್ ತೋರ್ಸಿ. ನೀವು ಏನ್ ತಗೋತೀರ, ಯಾವಾಗ ಮಾರ್ತೀರ ನೋಡ್ತೀನಿ. ನಾನೂ ಹಂಗೇ ಮಾಡ್ತೀನಿ" ಅಂದರು.

ನನ್ನ ಗಂಡನ ಕಿವಿ ಕೆಂಪಗಾದದ್ದು ಬಾಗಿಲಲ್ಲಿದ್ದ ನನಗೂ ಕಂಡಿತು. ಎಷ್ಟು ಕಳೆದಿದ್ದಾರೋ, ಇವತ್ತು ಓನರ್ ಮುಂದೆ ಬಯಲಾಗುತ್ತದೆ, ನಮ್ಮ ಮಾನ ಹೋಯಿತು ಅಂದುಕೊಂಡೆ.

ಅವರು ಸ್ಕ್ರೀನನ್ನು ಓನರ್ ಕಡೆ ತಿರುಗಿಸಿದರು. "ಇದು ಸಾರ್. ಆದ್ರೆ ಇದು ನಿಜವಾದ ದುಡ್ಡಲ್ಲ. ಪೇಪರ್ ಟ್ರೇಡಿಂಗ್ ಅಂತಾರೆ. ರೇಟು ನಿಜ, ದುಡ್ಡು ಮಾತ್ರ ಸುಳ್ಳು. ಅಭ್ಯಾಸಕ್ಕೆ ಅಂತ."

"ಅಂದ್ರೆ... ಮಕ್ಳು ಅಡುಗೆ ಆಟ ಆಡ್ದಂಗಾ?"

"ಹೂಂ ಸಾರ್. ಹಂಗೇ."

"ನಿಜವಾದ್ದು ಇನ್ನೊಂದಿರ್ಬೇಕಲ್ಲ?"

"ಇಲ್ಲ. ಎಷ್ಟೋ ವರ್ಷದಿಂದ ಇದೇ."

"ಮತ್ತೆ ಮೇಡಂ, ದೊಡ್ಡ ದೊಡ್ಡೋರಿಗೆ ಸಲಹೆ ಕೊಡ್ತಾರೆ ಅಂದಿದ್ರು?"

ಅವರು ನನ್ನ ಕಡೆ ತಿರುಗಲಿಲ್ಲ. "ಅವಳಿಗೆ ನಾನೇ ಹಂಗೆ ಹೇಳಿದ್ದೆ ಸಾರ್. ಅವಳು ನಂಬ್ಕೊಂಡಿದ್ಲು. ನಿಜದ ದುಡ್ಡು ಹಾಕೋಕೆ ನನಗೆ ಧೈರ್ಯ ಇಲ್ಲ."

ಆಣೆಯ ಮಾತು ಎತ್ತಲೇ ಇಲ್ಲ. ನನ್ನ ಸುಳ್ಳನ್ನೂ ತಮ್ಮ ತಲೆಗೇ ಕಟ್ಟಿಕೊಂಡು, ಅದರ ಮೇಲೆ ಪುಕ್ಕಲ ಎಂಬ ಹೆಸರನ್ನೂ ಪಡೆದರು. ನಾನು ಬಾಗಿಲಲ್ಲಿ ಕಾಫಿ ಹಿಡಿದುಕೊಂಡು ನಿಂತೇ ಇದ್ದೆ. ಆಗಲೇ ಬಾಯಿ ಬಿಟ್ಟು ಹೇಳಬೇಕಿತ್ತು. ಓನರ್ ಕಾಫಿಗೂ ಕಾಯದೆ, "ಪರ್ವಾಗಿಲ್ಲ ಬಿಡಿ ಸಾರ್, ಕಲ್ಸಿದ್ರಲ್ಲ ಅಷ್ಟೇ ಸಾಕು" ಎನ್ನುತ್ತಾ ಎದ್ದು ಹೋದರು.

ಲೋಟಗಳನ್ನು ಅಲ್ಲೇ ಇಟ್ಟು ಬರಿಗಾಲಲ್ಲಿ ಕೆಳಗೆ ಓಡಿದೆ. ಓನರ್ ಇನ್ನೂ ಗೇಟಿನ ಹತ್ತಿರ ಇದ್ದರು.

"ಆ ಸುಳ್ಳು ಹೇಳಿದ್ದು ನಾನು. ಅವರಲ್ಲ. ಅವರಿಗೆ ಕೆಲಸ ಇಲ್ಲ ಅಂತ ಹೇಳೋಕೆ ನನಗೇ ನಾಚಿಕೆ ಆಗಿತ್ತು. ದುಡ್ಡು ಹಾಕಬೇಡಿ ಅಂತ ಆಣೆ ಹಾಕಿಸಿದ್ದೂ ನಾನೇ."

ಓನರ್ ಮುಜುಗರದಿಂದ ತಲೆ ಕೆರೆದುಕೊಂಡರು. "ಗೊತ್ತಾಯ್ತು ಬಿಡಿ ಮೇಡಂ. ಸಾರ್‌ಗೆ ಸುಳ್ಳು ಹೇಳಕ್ಕೆ ಬರಲ್ಲ, ಕಿವಿ ಕೆಂಪಗಾಗ್ಬಿಡತ್ತೆ. ಕೆಲ್ಸ ಹೋಗಿರೋದು ಬೀದಿಗೆಲ್ಲ ಗೊತ್ತು. ನೀವು ಬೇಜಾರ್ ಮಾಡ್ಕೋತೀರಿ ಅಂತ ಯಾರೂ ಎತ್ತಲ್ಲ ಅಷ್ಟೇ."

ಇಷ್ಟು ವರ್ಷ ನಾನು ಸೆರಗು ಮುಚ್ಚಿ ಕಾಪಾಡಿಕೊಂಡು ಬಂದದ್ದು ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಹೇಳಿಬಿಟ್ಟೆನಲ್ಲ ಎಂದು ಎದೆ ಸ್ವಲ್ಪ ಹಗುರಾಗಿತ್ತು. ಮೆಟ್ಟಿಲು ಹತ್ತುವಾಗ, ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ, ಆಸ್ಪತ್ರೆಯ ಮಾತನ್ನೂ ಇವತ್ತೇ ಮುಗಿಸಿಬಿಡೋಣ ಎಂದುಕೊಂಡೆ.

ಅವರು ಟೇಬಲ್ ಒರೆಸುತ್ತಿದ್ದರು. ಶನಿವಾರ ಟ್ಯೂಷನ್ ಇಲ್ಲ ಎಂದು ಗೊತ್ತಿದ್ದೂ ಅಭ್ಯಾಸಬಲದಿಂದ ಎಲ್ಲವನ್ನೂ ಎತ್ತಿಟ್ಟಿದ್ದರು.

"ಆಣೆ ಮಾಡಿದ ಮೇಲೆ ಒಂದು ಸಲವೂ ದುಡ್ಡು ಹಾಕಿಲ್ವಾ?"

"ಇಲ್ಲ."

"ಮತ್ತೆ ಆಸ್ಪತ್ರೇಲಿ ನಾನು ಹಾಗೆಲ್ಲ ಅಂದಾಗ ಯಾಕೆ ಸುಮ್ಮನಿದ್ರಿ? ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತಾ?"

ಒರೆಸುವ ಬಟ್ಟೆ ನಿಂತಿತು. ಅವರ ದನಿಯಲ್ಲಿ ಕೋಪ ಇರಲಿಲ್ಲ, ನನ್ನ ಹತ್ತಿರ ಏನೋ ಸಂದೇಹ ಕೇಳುವವರ ಹಾಗೆ ಹೇಳಿದರು.

"ಅವತ್ತು ನನಗೂ ಗೊತ್ತಾಗ್ಲಿಲ್ಲ ಕಣೇ. ಸುಳ್ಳು ದುಡ್ಡಲ್ಲಿ ಆಡಿದ್ರೂ ಆಣೆ ಮುರಿದ ಹಾಗೇನಾ ಅಂತ. ನೀನು ಹಾಗಂದ ಮೇಲೆ, ಇದ್ರೂ ಇರಬಹುದು, ನನ್ನಿಂದಲೇ ಮಗೂಗೆ ಹೀಗಾಯ್ತೇನೋ ಅನ್ನಿಸ್ಬಿಡ್ತು. ಅವಳು ಮನೆಗೆ ಬಂದ ಮೇಲೂ ಅದನ್ನ ಮುಟ್ಟೋಕೆ ಭಯ ಆಗ್ತಿತ್ತು. ಈಗಲೂ ಅವಳಿಗೆ ಒಂದು ಶೀತ ಆದ್ರೆ ಲ್ಯಾಪ್‌ಟಾಪ್ ಮುಚ್ಚಿಡ್ತೀನಿ."

ಖಾಲಿ ಟೇಬಲ್ಲಿನ ಮುಂದೆ ಅಂಗಿ ಸಿಗಿಸಿಕೊಂಡು ಕೂತಿದ್ದ ಆ ವಾರಗಳು ನೆನಪಾದವು, ನಾನು ಆಗ ಹೇಳಿಕೊಂಡ ಕುಂಬಳಕಾಯಿ ಕಳ್ಳನ ಗಾದೆಯೂ ನೆನಪಾಯಿತು.

"ಸೊಳ್ಳೆ ರೀ," ಅಂದೆ. "ಅವಳಿಗೆ ಸೊಳ್ಳೆ ಕಚ್ಚಿದ್ದು. ಬರೀ ಸೊಳ್ಳೆ."

ಡಾಕ್ಟರು ಮೊದಲ ದಿನವೇ ಹೇಳಿದ್ದ ಮಾತು. ನಾನು ಅವರಿಗೆ ಹೇಳಿದ್ದು ಎರಡು ವರ್ಷ ಕಳೆದ ಮೇಲೆ, ಆ ಶನಿವಾರ.